ಹೆಗಲು ಬದಲಿಸುವ ಬಡಿತ

ನಾನು ಒಂದು ಸ್ನೇರ್ ಡ್ರಮ್. ಕಲ್ಕತ್ತೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಹಿತ್ತಾಳೆಯ ತಗಡನ್ನು ಬಳೆಯಂತೆ ಬಾಗಿಸಿ ನನ್ನ ಮೈ ಮಾಡಿದರು. ಮೇಲೂ ಕೆಳಗೂ ಕರುವಿನ ಚರ್ಮ ಬಿಗಿದರು. ಹೊಟ್ಟೆಯಡಿ ಸುರುಳಿ ತಂತಿ ಕಟ್ಟಿದರು. ಬೆಂಗಳೂರಿನ ದಂಡು ಪ್ರದೇಶದ ದೊಡ್ಡ ಹೋಟೆಲಿನಲ್ಲಿ ಜಾಜ್ ತಂಡ ನಡೆಸುತ್ತಿದ್ದ ಮಂಗಳೂರಿನ ಲೋಬೋ ನನ್ನನ್ನು ತರಿಸಿಕೊಂಡರು.

ನನ್ನನ್ನು ಬಾರಿಸಲು ಬಂದವನು ಡೇವ್ ಡಾಸನ್. ಬಿಳಿ ಕೋಟು, ಒತ್ತಿ ಬಾಚಿದ ಕೂದಲು, ಕಡಿಮೆ ಮಾತು. ಹೆಸರು ಕೇಳಿ ಎಲ್ಲರೂ ಆಂಗ್ಲೋ-ಇಂಡಿಯನ್ ಎಂದುಕೊಂಡಿದ್ದರು. ಊರು ಕೇಳಿದರೆ “ಕೋಲಾರದ ಗಣಿ ಕಡೆ” ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದ.

ಒಂದು ಮಳೆಗಾಲದ ಸಂಜೆ ನನ್ನ ಚರ್ಮ ಜೋಲುಬಿದ್ದಿತ್ತು. ಡೇವ್ ನನ್ನನ್ನು ಅಡುಗೆಮನೆಯ ಹಿಂದಕ್ಕೆ ಒಯ್ದು, ಬಾಟಲಿಗಳಿಗೆ ಸುತ್ತಿಬಂದ ಒಣಹುಲ್ಲಿಗೆ ಕಡ್ಡಿ ಗೀರಿದ. ಉರಿಯ ಮೇಲೆ ನನ್ನನ್ನು ತಿರುಗಿಸುತ್ತ, ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ. ಆ ಶಾಖ ನನಗೆ ಹಿತವಾಗಿತ್ತು.

“ಏನ್ ಸಾರ್, ಹೆಣದ ಮುಂದೆ ತಮಟೆ ಹೊಡಿಯೋರ ಥರ ಕಾಯಿಸ್ತಿದ್ದೀರಿ?” ಎಂದು ಅಡುಗೆಯ ಗುರುಸಿದ್ದ ನಕ್ಕ.

ಡೇವ್ ಬೂಟುಗಾಲಿನಿಂದ ಬೆಂಕಿ ತುಳಿದ. ಅಂದಿನಿಂದ ಎಷ್ಟೇ ತಂಡಿ ಇರಲಿ, ನಾನು ಜೋಲುಚರ್ಮದಲ್ಲೇ ನುಡಿದೆ.

ಆದರೂ ಅವನಿಗೆ ಹೆಸರು ಬಂತು. ಅವನದೊಂದು ಬಡಿತವಿತ್ತು. ಓಡುತ್ತಿರುವಾಗಲೇ ಕಾಲು ತಡವರಿಸಿದಂತೆ ಒಂದು ಕ್ಷಣ ನಿಂತು, ಆಮೇಲೆ ಪೂರ್ತಿ ಭಾರ ಹಾಕಿ ಬೀಳುತ್ತಿತ್ತು. ಅದಕ್ಕೆ ಜನ ಕುಣಿದರು. ರೇಡಿಯೋದಲ್ಲಿ ಬಂತು. ಬೊಂಬಾಯಿಯ ಡ್ರಮ್ಮರುಗಳು ಬಂದು ಮುಂದಿನ ಮೇಜಿನಲ್ಲಿ ಕೂತು ಅವನ ಮಣಿಕಟ್ಟನ್ನೇ ನೋಡಿದರು. ಊರೂರಿನ ತಂಡಗಳು ಅದನ್ನು ‘ಡಾಸನ್ ಬೀಟ್’ ಎಂದು ಬಾರಿಸತೊಡಗಿದವು. ಎಲ್ಲಿ ಕಲಿತದ್ದೆಂದು ಕೇಳಿದವರಿಗೆ “ಅಮೆರಿಕದ ರೆಕಾರ್ಡ್ ಕೇಳಿ” ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅಭ್ಯಾಸದ ಹೊತ್ತಿಗೆ ಹಿಂಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತ. ಹೆಗಲಿಗೆ ತಮಟೆ ನೇತುಹಾಕಿದ್ದ.

“ನಮ್ ದೇವದಾಸನ್ನ ನೋಡ್ಬೇಕಾಗಿತ್ತು. ನಾನು ಮುನಿಶಾಮಿ.”

“ದೇವದಾಸ ಅಂತ ಇಲ್ಲಿ ಯಾರೂ ಇಲ್ಲ ಮಾರಾಯ,” ಎಂದರು ಲೋಬೋ.

ಮುದುಕ ನಗುತ್ತ ಡೇವ್‌ನತ್ತ ಕೈ ತೋರಿಸಿದ. ತಂಡದವರೆಲ್ಲ ತಿರುಗಿ ನೋಡಿದರು. ಡೇವ್ ಬಾಯಿಂದ ಅಪ್ಪ ಎಂಬ ಒಂದು ಮಾತು ಬಂದಿದ್ದರೆ ಸಾಕಿತ್ತು.

“ನಮ್ಮನೇಲಿದ್ದ ಆಳು,” ಎಂದ ಡೇವ್. “ಚಿಕ್ಕಂದಿನಿಂದ ಹಾಗೇ ಕರೀತಾನೆ.”

ಮುನಿಶಾಮಿ ಮಗನ ಬೂಟುಗಳನ್ನು ನೋಡಿದ. ನಿಧಾನಕ್ಕೆ ತಮಟೆಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

“ಔದು ಸಾಮಿ, ಆಳೇ. ಟೀ ಅಂಗಡಿ ರೇಡಿಯೋದಾಗೆ ಕೇಳ್ದೆ, ಚೆಂದಾಗಿ ಬಾರಿಸ್ತಾರೆ. ನೋಡ್ಕೊಂಡು ಹೋಗಾನ ಅಂತ ಬಂದೆ. ಬತ್ತೀನಿ ಬುದ್ಧಿ.”

ಹೆತ್ತ ಮಗನನ್ನು ಬುದ್ಧಿ ಎಂದು ಕರೆದು ಅವನು ಹೋದ. ಅಂದು ಡೇವ್ ಕೋಲು ಕೈಗೆತ್ತಿಕೊಂಡಾಗ ನನಗೆ ನುಡಿಯಲು ನಾಚಿಕೆಯಾಯಿತು.

ಮರುವರ್ಷ ಮುನಿಶಾಮಿ ತೀರಿಹೋದ ಸುದ್ದಿ ಬಂತು. “ನಿನ್ನ ಹಳೇ ಆಳಲ್ಲವಾ? ಇವತ್ತು ಬಾರಿಸಲಿಕ್ಕೆ ಗಣಿ ಕ್ಲಬ್ಬಿಗೆ ಹೋಗುವ ದಾರಿಯಲ್ಲೇ ಅವನ ಊರು ಉಂಟು, ಇಳಿದು ಹೋಗುವ,” ಎಂದರು ಲೋಬೋ. ಅವರು ಒಳ್ಳೆಯ ಮನುಷ್ಯ.

ಕಾರು ನಿಂತಾಗ ಹೆಣ ಆಗಲೇ ಅರ್ಧ ದಾರಿಗೆ ಬಂದಿತ್ತು. ಲೋಬೋ ಸಿಗರೇಟು ಹಚ್ಚುತ್ತ ಹಿಂದೆ ಉಳಿದರು. ಚಟ್ಟ ಹೊತ್ತವರು ಹೆಗಲು ಬದಲಿಸಲು ನಿಂತರು. ತಮಟೆಗಳೂ ಒಂದು ಕ್ಷಣ ನಿಂತವು. ಭಾರ ಹೊಸ ಹೆಗಲಿಗೆ ಕೂತದ್ದೇ ಎಲ್ಲ ತಮಟೆಗಳ ಪೆಟ್ಟೂ ಒಟ್ಟಿಗೆ ಬಿತ್ತು. ತೆರೆದ ಕಾರಿನ ಸೀಟಿನಲ್ಲಿದ್ದ ನನ್ನ ತಂತಿಗಳು ತಾವಾಗಿ ಅದಿರಿದವು. ಆ ಬಡಿತ ನನಗೆ ಗೊತ್ತಿತ್ತು.

ಗಂಗುಲಪ್ಪ ಎಂಬ ನೆಂಟ ಬಂದು ಮುನಿಶಾಮಿಯ ತಮಟೆ ಚಾಚಿದ. “ತಗೋ ದೇವಾ. ಮಗ ಹೊಡೀಬೇಕು.”

ಡೇವ್‌ನ ಕೈ ಮುಂದೆ ಹೋಯಿತು. ಅಷ್ಟರಲ್ಲಿ ಲೋಬೋ ಹತ್ತಿರ ಬಂದರು.

“ಕೇಳಿದೆಯಾ ಡೇವ್? ನಿನ್ನ ಬೀಟು ಇಲ್ಲಿವರೆಗೂ ಬಂದು ಮುಟ್ಟಿದೆ. ರೇಡಿಯೋದ ಮಹಿಮೆ.”

“ಹೂಂ,” ಎಂದ ಡೇವ್. ಚಾಚಿದ ಕೈ ಜೇಬಿಗೆ ಹೋಯಿತು. ಗಂಗುಲಪ್ಪ ತಮಟೆಯನ್ನು ತನ್ನ ಕೊರಳಿಗೇ ಹಾಕಿಕೊಂಡು ಹೆಣದ ಮುಂದೆ ನಡೆದ.

ಆಮೇಲೆ ಡೇವ್ ಬಹಳ ಕಾಲ ಬದುಕಿದ, ಎಷ್ಟೋ ಜನಕ್ಕೆ ಕಲಿಸಿದ. ಆ ಬಡಿತವನ್ನು ಮಾತ್ರ ಮತ್ತೆ ಬಾರಿಸಲಿಲ್ಲ. ಯಾರಾದರೂ ಕೇಳಿದರೆ ಮಣಿಕಟ್ಟು ನೋವು ಎನ್ನುತ್ತಿದ್ದ.

ಈಗ ನಾನು ಹೋಟೆಲಿನ ಮೊಗಸಾಲೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇದ್ದೇನೆ. ಡಾಸನ್ ಬೀಟ್ ಹುಟ್ಟಿದ್ದು ಇದರ ಮೇಲೆ ಎಂದು ಬಂದವರಿಗೆ ತೋರಿಸುತ್ತಾರೆ. ಅವರು ತಲೆದೂಗುತ್ತಾರೆ. ಮುನಿಶಾಮಿಯ ಹೆಸರು ಹೇಳಬೇಕೆಂದು ನನಗೆ ಆಸೆ. ಆದರೆ ಯಾರಾದರೂ ಬಡಿದರಷ್ಟೇ ನನಗೆ ಬಾಯಿ, ಈ ಗಾಜಿನೊಳಕ್ಕೆ ಯಾರ ಕೈಯೂ ಬರುವುದಿಲ್ಲ.