ರುದ್ರವ್ವನ ಖಾನಾವಳಿಯ ಮಜ್ಜಿಗೆ

ಪುಣೆಯಲ್ಲಿ ಮಳೆಗಾಲ ಹಿಡಿಯಿತೆಂದರೆ ಕಾಲರಾದ ಸುದ್ದಿಯೂ ಬೆನ್ನಿಗೇ ಬರುತ್ತದೆ. ಆ ವರ್ಷವೂ ಬಂತು. ಮೊದಲು ನದಿ ದಂಡೆಯ ಓಣಿಗಳಲ್ಲಿ, ಆಮೇಲೆ ರವಿವಾರ ಪೇಟೆಯಲ್ಲಿ, ಆಮೇಲೆ ನೇರವಾಗಿ ರುದ್ರವ್ವನ ಖಾನಾವಳಿಯ ಹೊಸ್ತಿಲಿಗೆ.

ರುದ್ರವ್ವನ ಖಾನಾವಳಿ ಗೊತ್ತಿಲ್ಲದ ಕನ್ನಡ ವಿದ್ಯಾರ್ಥಿ ಆಗ ಪುಣೆಯಲ್ಲಿ ಇರಲಿಲ್ಲ. ಧಾರವಾಡದಲ್ಲಿ ಇನ್ನೂ ಕಾಲೇಜು ಆಗಿರದ ದಿನಗಳವು. ಮ್ಯಾಟ್ರಿಕ್ ಮುಗಿಸಿದ ನಮ್ಮ ಕಡೆಯ ಹುಡುಗರು ಟ್ರಂಕು ಹೊತ್ತು ಪುಣೆಗೇ ಬರಬೇಕು. ಬಂದವರು ಎರಡು ದಿನ ಇಲ್ಲಿನ ಬೆಲ್ಲ ಹಾಕಿದ ಸಾರು ಉಂಡು, ಮೂರನೆಯ ದಿನ ರೊಟ್ಟಿ ಬಡಿಯುವ ಸಪ್ಪಳ ಹುಡುಕಿಕೊಂಡು ರುದ್ರವ್ವನ ಬಾಗಿಲಿಗೆ ಬರುತ್ತಿದ್ದರು. ಆಕೆ ಬೈದೇ ಬಡಿಸುವವಳು. "ಇಷ್ಟ ಉಂಡ್ರ ಇಂಗ್ಲೀಷು ತಲಿಗೆ ಹತ್ತತದೇನು?" ಎನ್ನುತ್ತ ಇನ್ನೊಂದು ರೊಟ್ಟಿ ತಾಟಿಗೆ ಎಸೆಯುವಳು. ಊಟದ ಕೊನೆಗೆ ತುಂಬಿದ ತಂಬಿಗೆ ತಣ್ಣನೆಯ ಮಜ್ಜಿಗೆ. ಅದಿಲ್ಲದೆ ಯಾರನ್ನೂ ಏಳಗೊಡುತ್ತಿರಲಿಲ್ಲ.

ಮೊದಲು ಬಿದ್ದವನು ಕಾಡಪ್ಪ, ಎರಡನೆಯ ವರ್ಷದ ಹುಡುಗ. ಬೇಗ ಆಸ್ಪತ್ರೆಗೆ ಒಯ್ದದ್ದರಿಂದ ಬದುಕಿಕೊಂಡ. ಮರುದಿನವೇ ಈರಣ್ಣ ಮಾಸ್ತರರು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಅವರಿಗೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸ, ಊಟ ಇಲ್ಲಿಯೇ.

"ರುದ್ರವ್ವಾರ, ಕಾಲೇಜಿನ್ಯಾಗ ಹೇಳ್ಯಾರ. ಇನ್ನ ಮ್ಯಾಲೆ ಹುಡುಗೂರಿಗೆ ಕುದಿಸಿ ಆರಿಸಿದ ನೀರ ಕೊಡಬೇಕು. ಮತ್ತ ಎಲ್ಲಾರೂ ಕಾಲೇಜಿಗೆ ಬಂದು ಕಾಲರಾದ ಸೂಜಿ ಹಾಕಿಸ್ಕೋಬೇಕು."

ರುದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಪೇಶವೆಯವರು ಕುಡದ ನೀರ್ರಿ ಇದು ಮಾಸ್ತರ. ಕಾತ್ರಜದ ಕೆರಿಯಿಂದ ನೆಲದಡಿ ಕಾಲುವಿಯೊಳಗ ನಮ್ಮ ಓಣಿಯ ಹೌಜಿಗೆ, ಆ ಕಲ್ಲಿನ ತೊಟ್ಟಿಗೆ, ತಣ್ಣಗ ಬರತದ. ಇದನ್ನ ಕಾಸಿ ಕೊಟ್ರ, ಈ ಹುಡುಗೂರು ಓದಾಕ ಬಂದಾರೋ ಬಾಣಂತನಕ್ಕ ಬಂದಾರೋ ಅಂತ ಮಂದಿ ನಗತಾರ."

"ಕಾಲುವಿನೂ ಪೇಶವೆಯವರ ಕಾಲದ್ದ ಅದರಿ," ಎಂದರು ಮಾಸ್ತರರು. "ನಡುವ ಎಲ್ಲಿ ಬಿರುಕು ಬಿಟ್ಟದ, ಯಾರ ಮನಿ ಹೊಲಸು ಒಳಗ ಇಳೀತದ, ಯಾರು ನೋಡ್ಯಾರ? ಕಾಲರಾದ ಹುಳ ಕಣ್ಣಿಗೆ ಕಾಣೂದಿಲ್ಲ. ನೀರು ಕೊತಕೊತ ಕುದ್ದರ ಸಾಯ್ತಾವ."

ರುದ್ರವ್ವನಿಗೆ ನಂಬಿಕೆ ಬರಲಿಲ್ಲ. ಆದರೆ ಆಕೆಯ ಅಕ್ಕನ ಮಗ ಶಿವಪುತ್ರಪ್ಪನೂ ಇದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಬೈಲಹೊಂಗಲದಿಂದ ಕಳಿಸುವಾಗ ಅಕ್ಕ, "ಇವನ್ನ ನಿನ್ನ ಉಡ್ಯಾಗ ಹಾಕೀನಿ ತಂಗಿ" ಎಂದು ಕಣ್ಣೀರು ಹಾಕಿದ್ದಳು. ಆ ಮಾತು ನೆನಪಾಗಿ ರುದ್ರವ್ವ ದೊಡ್ಡ ಹಂಡೆಯನ್ನು ಇನ್ನೊಂದು ಒಲೆಗೆ ಏರಿಸಿದಳು.

ಸೂಜಿಗೆ ಮಾತ್ರ ಒಪ್ಪಲಿಲ್ಲ. "ತೋಳು ಬಾತು ಜ್ವರಾ ಬಂದ್ರ ಪರೀಕ್ಷಾ ಯಾರು ಬರೀತಾರ? ಪರೀಕ್ಷಾ ಮುಗೀಲಿ, ಆಮ್ಯಾಲ ನೋಡೂಣು" ಎಂದು ಶಿವಪುತ್ರಪ್ಪನಿಗೆ ಹೇಳಿದಳು. ಸೂಜಿ ಕಂಡರೆ ಮೊದಲೇ ಬೆವರುವ ಹುಡುಗ ಅವನು, ಚಿಗವ್ವನ ಮಾತನ್ನು ಅಂದು ಮೊದಲ ಬಾರಿಗೆ ತಕರಾರಿಲ್ಲದೆ ಕೇಳಿದ. ಉಳಿದ ಹುಡುಗರು ಮಾಸ್ತರರ ಹಿಂದೆ ಹೋಗಿ ಚುಚ್ಚಿಸಿಕೊಂಡು ಬಂದರು.

ನೀರು ಕಾಸುವುದರಲ್ಲಿ ರುದ್ರವ್ವ ಏನೂ ಕೊರತೆ ಮಾಡಲಿಲ್ಲ. ಹಂಡೆಗೆ ಮುಚ್ಚಳ, ತೆಗೆಯಲು ಉದ್ದ ಹಿಡಿಕೆಯ ಸೌಟು. ಹಂಡೆಯೊಳಗೆ ತಂಬಿಗೆ ಅದ್ದಿದವನಿಗೆ ಮಂಗಳಾರತಿ. ವಾರ ದಾಟಿತು. ಯಾರೂ ಬೀಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಶಿವಪುತ್ರಪ್ಪ ಬಿದ್ದ.

ಅಕ್ಕಿ ತೊಳೆದ ನೀರಿನಂಥ ಭೇದಿ, ಬಿಡದ ವಾಂತಿ. ಊಟದ ಹೊತ್ತು ಆಗುವುದರೊಳಗೆ ಹುಡುಗನ ಕಣ್ಣು ಗುಳಿ ಬಿದ್ದು, ದನಿ ಕುಗ್ಗಿ, ಕಾಲು ಸೆಟೆದುಕೊಂಡವು. ಈರಣ್ಣ ಮಾಸ್ತರರು ಟಾಂಗಾ ತರಿಸಿ ಆಸ್ಪತ್ರೆಗೆ ಒಯ್ದರು. ಅಲ್ಲಿ ರಂಗೂಬಾಯಿ ಎಂಬ ನರ್ಸ್ ಇದ್ದಳು. ಬೆಳಗಾವಿಯವಳು, ಮರಾಠಿಯಷ್ಟೇ ಸಲೀಸಾಗಿ ಕನ್ನಡ ಆಡುವವಳು, ರೊಟ್ಟಿಯ ಆಸೆಗೆ ಆಗಾಗ ಖಾನಾವಳಿಗೂ ಬರುವವಳು. ಹುಡುಗನ ರಕ್ತನಾಳಕ್ಕೆ ಉಪ್ಪುನೀರು ಏರಿಸುವಾಗ ರುದ್ರವ್ವನನ್ನು ಅವಳೇ ಕೈ ಹಿಡಿದು ಹೊರಗೆ ಕಳಿಸಿದಳು.

ರುದ್ರವ್ವ ಮನೆಗೆ ಬಂದವಳೇ ಅಡಿಗೆಮನೆಗೆ ಹೋಗಿ ಹಂಡೆಯ ಒಲೆಯ ಬೆಂಕಿಯ ಮೇಲೆ ನೀರು ಸುರಿದಳು. ಹೊಗೆ ಎದ್ದಿತು. ಅಕ್ಕನಿಗೆ ಯಾವ ಮುಖ ತೋರಿಸಲಿ ಎಂಬ ಒಂದೇ ಚಿಂತೆ ಅವಳಿಗೆ.

ಮರುದಿನ ಮಧ್ಯಾಹ್ನ ರಂಗೂಬಾಯಿ ತಾನೇ ಖಾನಾವಳಿಗೆ ಬಂದಳು. "ನಾಡಿ ಸಿಕ್ಕೇದರಿ ರುದ್ರವ್ವಾರ. ಇನ್ನೂ ಗಂಡಾಂತರ ದಾಟಿಲ್ಲ, ಆದ್ರ ಹುಡುಗ ಗಟ್ಟಿ ಅದಾನ. ಹಂಡೇದ ಒಲಿ ಯಾಕ ಆರೇದ?"

"ಯಾಕಂದ್ರ? ವಾರಗಟ್ಟಲೆ ಹೊಗಿ ಕುಡದು ನೀರು ಕಾಸೀನಿ. ಒಂದು ಹನಿ ಹಸಿ ನೀರು ಕೊಟ್ಟಿಲ್ಲ. ಆದ್ರೂ ನನ್ನ ಹುಡುಗನ್ನ ಹಿಡೀತು. ಈ ಮನಿಯೊಳಗ ಇನ್ನ ಕುಡ್ಯಾಕ ನೀರು ಕಾಸೂದಿಲ್ಲ."

ರಂಗೂಬಾಯಿ ವಾದಕ್ಕೆ ಇಳಿಯಲಿಲ್ಲ. ಮಣೆ ಎಳೆದುಕೊಂಡು ಕುಳಿತಳು. "ಆತು ಬಿಡ್ರಿ. ಮೊನ್ನೆ ಅವ ಏನೇನು ಉಂಡಾನ, ಅಷ್ಟು ಹೇಳ್ರಿ."

"ಎಲ್ಲಾರೂ ಉಂಡದ್ದ ಉಂಡಾನ. ರೊಟ್ಟಿ, ಬದನಿಕಾಯಿ, ಬ್ಯಾಳಿ. ಎಲ್ಲಾ ಬಿಸೀದ." ಹೊರಗೆ ಹುಡುಗರು ಊಟ ಮುಗಿಸುತ್ತ ಬಂದಿದ್ದರು. ಮಾತಾಡುತ್ತಲೇ ರುದ್ರವ್ವನ ಕೈ ತನ್ನ ಪಾಡಿಗೆ ತಾನು ಕೆಲಸ ನಡೆಸಿತ್ತು. ಮೊಸರಿನ ಗಡಿಗೆ ಎಳೆದಳು, ಕಡಗೋಲು ಆಡಿಸಿದಳು, ಮೂಲೆಯ ಕೊಡ ಎತ್ತಿ ಧಾರೆ ಹಿಡಿದಳು.

"ಆ ಕೊಡದಾಗಿನ ನೀರು ಎಲ್ಲೀದು?" ರಂಗೂಬಾಯಿ ಕೇಳಿದಳು.

"ಹೌಜಿಂದು. ಈಗ ತಂದೀನಿ. ಭಾಳ ತಂಪದ."

"ಕಾಸಿಲ್ಲ?"

"ಮಜ್ಜಿಗಿಗೆ ಯಾರರೆ ಕಾಸಿದ ನೀರು ಹಾಕ್ತಾರೇನ್ರಿ? ಬೆಚ್ಚಗಾದ್ರ ಒಡದು ಹೋಗತದ. ಕುಡ್ಯೂ ನೀರು ಹಂಡ್ಯಾಗ ಬ್ಯಾರೆ ಇತ್ತು. ಇದು ಮಜ್ಜಿಗಿ."

"ಇದೂ ಅವರ ಹೊಟ್ಟಿಗೇ ಹೋಗತದಲ್ರಿ ರುದ್ರವ್ವಾರ."

ರುದ್ರವ್ವನ ಕೈ ಅಲ್ಲೇ ನಿಂತಿತು. ಮೊಸರು ಮುಕ್ಕಾಲು, ಹೌಜಿನ ನೀರು ಕಾಲು ಎಂದಲ್ಲ. ಮೊಸರು ಒಂದು ಪಾಲಾದರೆ ನೀರೇ ಮೂರು ಪಾಲು. ಅದನ್ನು ದಿನಾ ಎರಡು ಹೊತ್ತು, ಒತ್ತಾಯ ಮಾಡಿ ಮಾಡಿ, ತನ್ನ ಕೈಯಾರೆ ಸುರಿದಿದ್ದಳು. ಅದರಲ್ಲೂ ಶಿವಪುತ್ರಪ್ಪನಿಗೆ ಮಜ್ಜಿಗೆಯೆಂದರೆ ಪ್ರಾಣ. ಬೇರೆಯವರಿಗೆ ಒಂದು ತಂಬಿಗೆಯಾದರೆ ಅವನಿಗೆ ಎರಡು.

"ನಾನ ಕುಡಿಸೀನಲ್ರಿ," ಎಂದು ಅವಳು ಕೊಡ ಕೆಳಗಿಟ್ಟು ಅತ್ತಳು. "ಉಡ್ಯಾಗ ಹಾಕಿದ ಕೂಸಿಗೆ ನನ್ನ ಕೈಲೆ ನಾನ ಕುಡಿಸೀನಿ."

"ಬೇಕಂತ ಕುಡಿಸಿಲ್ರಿ. ಇದ ನೀರು ಕುಡದೂ ಉಳಿದವರು ತಡಕೊಂಡಾರ. ಅವರಿಗೆ ಸೂಜಿ ಆಗೇದ, ಅದೂ ಒಂದಿಷ್ಟು ಕಾದಿರಬೇಕು. ಆದ್ರ ಸೂಜಿ ಆದವರಿಗೂ ಬರೂದೇ ಇಲ್ಲ ಅಂತಿಲ್ಲ. ಅಳೂದು ಆಮ್ಯಾಲ ಅಳ್ರಿ. ಹೊರಗ ಹುಡುಗೂರು ಮಜ್ಜಿಗಿಗೆ ಕಾಯಾಕತ್ತಾರ."

ರುದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಹಿತ್ತಲಿನ ಬಚ್ಚಲಿಗೆ ಒಯ್ದು, ತಳದ ಹನಿಯೂ ಉಳಿಯದಂತೆ ಸುರಿದಳು. ಪಂಕ್ತಿಗೆ ಬಂದು ನಿಂತು ಹೇಳಿದಳು: "ಇವತ್ತ ಮಜ್ಜಿಗಿ ಇಲ್ಲ. ಎಲ್ಲಾರೂ ಏಳ್ರಿ, ಕೈ ತೊಳೀರಿ."

ಆ ಖಾನಾವಳಿಯಲ್ಲಿ ಇಂಥ ಮಾತು ಯಾರೂ ಕೇಳಿರಲಿಲ್ಲ. 

ಅಂದೇ ಹಂಡೆಯ ಒಲೆ ಮತ್ತೆ ಹೊತ್ತಿತು. ಈಗ ಕುದ್ದ ನೀರು ಎರಡು ಕಡೆ ಹೋಗತೊಡಗಿತು: ಒಂದು ಪಾಲು ಕುಡಿಯಲು, ಇನ್ನೊಂದು ಪಾಲು ಬಾಯಿ ಮುಚ್ಚಿದ ಮಣ್ಣಿನ ಗಡಿಗೆಗಳಲ್ಲಿ ತಣ್ಣಗಾಗಿ ಮಜ್ಜಿಗೆಗೆ. ಕೊತ್ತಂಬರಿ ತೊಳೆಯಲೂ, ತಾಟು ಗಲಬರಿಸಲೂ ಅದೇ ನೀರು. ಶಿವಪುತ್ರಪ್ಪನ ಹಾಸಿಗೆಯ ಬಟ್ಟೆಗಳನ್ನು ಮಾಸ್ತರರು ಮೊದಲೇ ಹೌಜಿನಿಂದ ದೂರ ಒಯ್ದು ಕುದಿಸಿದ್ದರು. ರುದ್ರವ್ವ ಸೀರೆ ಬದಲಿಸಿ ಕಾಲೇಜಿಗೂ ಹೋದಳು. ಸೂಜಿ ಹಾಕುತ್ತಿದ್ದ ಡಾಕ್ಟರರ ಮುಂದೆ ತೋಳು ಚಾಚಿ, "ಓದಿದವರಿಗಷ್ಟ ಹಾಕ್ತೀರೋ, ಓದೂರಿಗೆ ಉಣಿಸೂರಿಗೂ ಹಾಕ್ತೀರೋ?" ಎಂದು ಕೇಳಿದಳು. ಅವಳನ್ನು ನೋಡಿ, ಅಲ್ಲಿಯವರೆಗೆ ತಪ್ಪಿಸಿಕೊಂಡು ತಿರುಗುತ್ತಿದ್ದ ಕಾಲೇಜಿನ ಇಬ್ಬರು ಗುಮಾಸ್ತರೂ ನಾಚಿ ಸಾಲಿಗೆ ಬಂದು ನಿಂತರು. ಎರಡು ದಿನ ಅವಳ ತೋಳು ನೋಯಿತು. ರೊಟ್ಟಿ ಬಡಿಯುವುದೇನೂ ನಿಲ್ಲಲಿಲ್ಲ.

ಶಿವಪುತ್ರಪ್ಪ ಬದುಕಿ ಬಂದ. ಅಂಗಿ ಗೂಟಕ್ಕೆ ಸಿಕ್ಕಿಸಿದಂತೆ ಮೈಮೇಲೆ ಜೋಲುತ್ತಿತ್ತು. ಪಂಕ್ತಿಯಲ್ಲಿ ಕುಳಿತು ಮೆತ್ತನೆಯ ಅನ್ನ ಉಂಡು, ಅಭ್ಯಾಸ ಬಲದಿಂದ ತಂಬಿಗೆ ಮುಂದೆ ಮಾಡಿದ. ಆಮೇಲೆ ಏನೋ ನೆನಪಾಗಿ ಹಿಂದೆ ಎಳೆದುಕೊಂಡ.

"ಹಿಡಿ," ಎಂದಳು ರುದ್ರವ್ವ. "ಕುದಿಸಿ, ಆರಿಸಿ, ಮುಚ್ಚಿಟ್ಟ ನೀರಿಂದು. ಒಡದಿಲ್ಲ, ನೋಡು."

ಅವನು ಗಟಗಟ ಕುಡಿದ. ಇನ್ನೊಂದು ತಂಬಿಗೆ ಕೇಳಿದ. ಬಗ್ಗಿಸಿ ಸುರಿಯುವಾಗ ಚಿಗವ್ವನ ಕಣ್ಣು ಒದ್ದೆಯಾಗಿದ್ದವು, ಬಾಯಿ ಮಾತ್ರ ಅವನನ್ನು ಬೈಯುತ್ತಲೇ ಇತ್ತು.

ಕಾಲೇಜಿನಲ್ಲಿ ಓದುವವರೇ, ಕಲಿಸುವವರೇ, ಕಚೇರಿಯಲ್ಲಿ ದುಡಿಯುವವರೇ, ನಾವು ಕುಡಿಯುವ ನೀರು ಕಾಸಿದ್ದೇ ಎಂದು ನೀವು ಹೇಳುತ್ತೀರಿ. ಒಳ್ಳೆಯದು. ಸೂಜಿ ಹಾಕುವ ದಿನ ನಾಳೆ ಎನ್ನದೆ ಹೋಗಿ ತೋಳು ಕೊಡಿ. ಜೊತೆಗಾರನಿಗೆ ವಾಂತಿಭೇದಿ ಶುರುವಾದರೆ ಮುಚ್ಚಿಡಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮತ್ತು ಇವತ್ತು ಊಟಕ್ಕೆ ಹೋದಾಗ, ತಾಟಿನ ಮುಂದೆ ಕೂರುವ ಮೊದಲು ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಒಂದು ಮಾತು ಕೇಳಿ: "ಅವ್ವಾ, ಮಜ್ಜಿಗಿಗೆ ಹಾಕಿದ್ದು ಯಾವ ನೀರು?"