ನೆಲಮಾಳಿಗೆ ನೋಡಿದ ಅತಿಥಿ

ದುರ್ರಸ್ ಪಟ್ಟಣದ ರೋಮನ್ ಅಖಾಡದ ಕಂಬಿಗೆ ಒರಗಿ ನೆಜ್ಮಿಯೆ ಕೆಳಗಿನ ಹೊಂಡವನ್ನು ನೋಡಿದಳು. ಅವಳ ಅಡುಗೆಮನೆ ಇದ್ದ ಜಾಗ ಅದು. ಈಗ ಅಲ್ಲಿ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವಳಿಗೆ ಹೊಟ್ಟೆ ಉರಿಯಿತು. ಗಂಡ ಶೆಫ್ಕೆತ್ ಮಾತ್ರ ಮದುವೆಮನೆಯ ಯಜಮಾನನಂತೆ ಹಿಗ್ಗಿದ್ದ.

ಆ ಸಾಲಿನ ಮನೆಗಳೆಲ್ಲ ನಿಂತದ್ದು ರೋಮನ್ನರ ಕಲ್ಲಿನ ಮೇಲೆಯೇ. ಕೆಳಗೆ ಏನಿದೆಯೆಂದು ಪುರಾತತ್ವ ಇಲಾಖೆಯ ಅರ್ದಿತ್ ವಿಚಾರಿಸಲು ಬಂದಾಗ ನೆರೆಯವರೆಲ್ಲ ಬರೀ ಮಣ್ಣು ಎಂದು ಬಾಗಿಲಲ್ಲೇ ಸಾಗಹಾಕಿದರು. ಶೆಫ್ಕೆತ್ ಅವನನ್ನು ಒಳಗೆ ಕರೆದು ಕಾಫಿ ಕೊಡಿಸಿದ, ಮನೆಯಲ್ಲೇ ಭಟ್ಟಿ ಇಳಿಸಿದ ರಾಕಿ ಸಾರಾಯಿ ಸುರಿದ. ಹೊಸಿಲು ದಾಟಿ ಬಂದವನು ಕೇಳಿದ್ದಕ್ಕೆ ಇಲ್ಲವೆನ್ನುವುದು ಅವನ ಪಾಲಿಗೆ ಮಹಾಪಾಪ. ನೆಜ್ಮಿಯೆ ಕೆಮ್ಮಿದಳು, ಕಣ್ಸನ್ನೆ ಮಾಡಿದಳು, ಕೊನೆಗೆ ಕಾಲನ್ನೂ ತುಳಿದಳು. ಆ ಪುಣ್ಯಾತ್ಮ ದೀಪ ಹಿಡಿದು ಅತಿಥಿಯನ್ನು ನೆಲಮಾಳಿಗೆಗೆ ಇಳಿಸಿದ. ರಾಕಿ ಪೀಪಾಯಿಗಳ ಹಿಂದಿನ ಕಮಾನನ್ನು ತಾನೇ ಕಟ್ಟಿಸಿದವನಂತೆ ತಟ್ಟಿ ತಟ್ಟಿ ತೋರಿಸಿದ. ವರ್ಷ ತುಂಬುವುದರೊಳಗೆ ಇಲಾಖೆಯ ಉತ್ಖನನಕ್ಕೆಂದು ಮನೆ ನೆಲಸಮವಾಯಿತು. ನೆರೆಯವರ ಮನೆಗಳು ಈಗಲೂ ಹಾಗೇ ಇವೆ.

ಇಂದು ಅದೇ ಅರ್ದಿತ್ ಇವರನ್ನು ಕಂಡು ಓಡಿಬಂದು ಕೈ ಕುಲುಕಿದ. ಭಾನುವಾರ ನಿಮ್ಮ ಹೊಸ ಮನೆಗೆ ಕಾಫಿಗೆ ಬರುತ್ತೇನೆಂದ. ಶೆಫ್ಕೆತ್‌ಗೆ ಸ್ವರ್ಗಕ್ಕೆ ಮೂರೇ ಗೇಣು. ಅಂದಿನಿಂದಲೇ ಲೋಟಗಳನ್ನು ಉಜ್ಜತೊಡಗಿದ.

ಭಾನುವಾರ ಬಾಗಿಲ ಗಂಟೆ ಬಡಿಯಿತು. ನಾಲ್ಕನೇ ಮಹಡಿಯ ಆ ಇಕ್ಕಟ್ಟಿನ ಮನೆಯಲ್ಲಿ ನೆಜ್ಮಿಯೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಬಾಗಿಲು ತೆಗಿ. ಅತಿಥಿ ಹೊರಗೆ ನಿಂತಿದಾನೆ,” ಎಂದ ಶೆಫ್ಕೆತ್.

“ನಿಲ್ಲಲಿ. ಹೋದ ಸಲ ಬಂದು ಮನೇನೇ ನುಂಗಿದ. ಈ ಸಲ ಏನು ಕೊಡ್ತೀರಿ, ನನ್ನನ್ನಾ?”

“ಬಾಗಿಲಿಗೆ ಬಂದವನು ಹಂಗೇ ವಾಪಸ್ ಹೋದ್ರೆ ನಾನು ಯಾರಿಗೂ ಮುಖ ತೋರ್ಸೋ ಹಾಗಿಲ್ಲ ಕಣೇ.”

ಅವಳು ಜಪ್ಪಯ್ಯ ಎಂದರೂ ಕದಲಲಿಲ್ಲ. ಗಂಟೆ ಇನ್ನೊಮ್ಮೆ ಬಡಿಯಿತು. ಆಮೇಲೆ ಮೆಟ್ಟಿಲಿಳಿಯುವ ಸದ್ದು. ಎಷ್ಟೋ ದಿನದ ಮೇಲೆ ಅವಳ ಎದೆ ಹಗುರಾಯಿತು. ನಗುತ್ತಲೇ ಒಳಗೆ ತಿರುಗಿದಳು.

ಶೆಫ್ಕೆತ್ ಕುರ್ಚಿಯಲ್ಲಿ ಕುಸಿದು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಮನೆ ಬಿದ್ದ ದಿನ ಅವನ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಕೆಡವಲು ಬಂದವರಿಗೆ ಕಾಫಿ ಮಾಡಿಕೊಡೆಂದು ಅವಳಿಗೇ ಹೇಳಿದ್ದ.