ಮೊದಲನೇ ಸಲದ ಬೇಡ

ಫಿಂಟನ್ ಇವತ್ತು ಕೇಳದಿದ್ದರೆ ಬ್ರೀಜ್ ಇನ್ನು ಕಾಯುವವಳಲ್ಲ. ಏಳು ವರ್ಷ ಅವನ ಜೊತೆ ಓಡಾಡಿ ಬೂಟು ಸವೆದಿತ್ತು, ಮಾತು ಮಾತ್ರ ಮದುವೆಯ ಹತ್ತಿರಕ್ಕೂ ಸುಳಿದಿರಲಿಲ್ಲ. ದೇಶದ ಇನ್ನೊಂದು ತುದಿಯ ಕಾರ್ಕ್‌ನ ಆಸ್ಪತ್ರೆಯೊಂದರಿಂದ ನರ್ಸ್ ಕೆಲಸಕ್ಕೆ ಕರೆ ಬಂದಿತ್ತು. ನಾಳೆ ಉತ್ತರ ಹೇಳಬೇಕು. ಅವನು ಕೇಳಿದರೆ ತಮ್ಮೂರು ಸ್ಲೈಗೋದಲ್ಲೇ ಉಳಿಯುವುದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದು. ಇದನ್ನು ಅವನಿಗೆ ಹೇಳುವ ಪ್ರಶ್ನೆಯೇ ಇರಲಿಲ್ಲ. ಹೇಳಿಕೊಟ್ಟು ಕೇಳಿಸಿಕೊಂಡರೆ ಅದೊಂದು ಕೇಳಿದ್ದೇ?

ಫಿಂಟನ್ ದನದ ಸಂತೆಯಲ್ಲಿ ಹರಾಜು ಕೂಗುವವನು. ಅಲ್ಲಿ ಅವನ ಬಾಯಿಗೆ ತಡೆಯಿಲ್ಲ. ಹೊರಗೆ ಬಂದರೆ ಮಳೆ ಬರುತ್ತದೋ ಇಲ್ಲವೋ ಎಂಬುದರಾಚೆ ಮಾತು ಹೊರಡದು.

ಅವತ್ತು ಭಾನುವಾರ; ಚರ್ಚಿನ ಪೂಜೆ ಮುಗಿಸಿ ಇಬ್ಬರೂ ಕಾರು ಹತ್ತಿದರು. ಮೊದಲು ಕ್ಯಾರೊಮೋರ್‌ನ ಹಳೇ ಸಮಾಧಿಗಳು. ಸಾವಿರಾರು ವರ್ಷದ ಕಲ್ಲುಗಳ ನಡುವೆ ನಿಂತು ಫಿಂಟನ್ ಪಕ್ಕದ ಹೊಲದ ಕರುಗಳ ತೂಕ ಅಂದಾಜು ಮಾಡಿದ. ಆಮೇಲೆ ಪಾಳುಬಿದ್ದ ಮಠಕ್ಕೆ ಹೋದರು. ಅಲ್ಲಿ ಸೂರು ಇಲ್ಲದಿರುವುದರಿಂದ ಸೋರುವ ತಾಪತ್ರಯವೂ ಇಲ್ಲವೆಂದು ಅವನು ಮೆಚ್ಚಿದ. ಪವಿತ್ರ ಬಾವಿಯ ಪಕ್ಕದ ಮರದ ತುಂಬ ಭಕ್ತರು ಹರಕೆಗೆ ಕಟ್ಟಿದ ಬಟ್ಟೆ ಚೂರುಗಳು, ಕಾಲುಚೀಲಗಳು. ಆ ಬಾವಿಯ ಸಂತನಿಗೆ ಕೋರಿಕೆ ಈಡೇರಿಸುವ ಶಕ್ತಿ ಇದೆಯೋ ಇಲ್ಲವೋ, ಕಾಲುಚೀಲಕ್ಕಂತೂ ಬರವಿಲ್ಲ. ಫಿಂಟನ್ ಗೋಡೆಯ ಹಿಂದೆ ಮೂತ್ರಕ್ಕೆ ಹೋದಾಗ ಬ್ರೀಜ್ ತಲೆಯ ರಿಬ್ಬನ್ ಬಿಚ್ಚಿ ತಾನೂ ಒಂದು ಗಂಟು ಹಾಕಿದಳು. ಅವಳಿಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಇವನ ವಿಷಯದಲ್ಲಿ ಯಾರ ಕಾಲು ಹಿಡಿಯುವುದಕ್ಕೂ ತಯಾರಿದ್ದಳು.

ನಾಕ್‌ನರೇ ಬೆಟ್ಟದ ಬುಡದಲ್ಲಿ ಫಿಂಟನ್‌ನ ಚಿಕ್ಕಮ್ಮ ಬ್ರೈಡಿಯ ಮನೆ. ದಾಟಿಹೋದರೆ ವರ್ಷವಿಡೀ ಮಾತು ಬಿಡುತ್ತಾಳೆಂದು ಒಳಗೆ ಹೋದರು. ಚಹಾ ಕುಡಿಯುತ್ತೀರಾ ಎಂದಳು. ಬೇಡವೇ ಬೇಡ, ಈಗಷ್ಟೇ ಆಯಿತು ಎಂದಳು ಬ್ರೀಜ್. ಒಂದೇ ಒಂದು ಲೋಟ ಎಂದಳು ಚಿಕ್ಕಮ್ಮ. ನಿಮಗ್ಯಾಕೆ ತೊಂದರೆ ಎಂದಳು ಬ್ರೀಜ್. ಅಷ್ಟರಲ್ಲಿ ನೀರು ಕುದಿಯತೊಡಗಿತ್ತು. ಮೂರನೇ ಸಲ ಕೇಳಿದಾಗ, ಹಾಗಾದರೆ ಅರ್ಧ ಲೋಟ ಸಾಕು ಎಂದು ಒಪ್ಪಿದಳು. ಅರ್ಧ ಲೋಟದ ಜೊತೆಗೆ ಹ್ಯಾಮು, ಬೆಣ್ಣೆ ಮೆತ್ತಿದ ಸೋಡಾ ಬ್ರೆಡ್ಡು, ಸೇಬಿನ ಟಾರ್ಟು ಎಲ್ಲವೂ ಹೊಟ್ಟೆಗೆ ಇಳಿದವು. ಮೊದಲನೇ ಸಲಕ್ಕೇ ಹೂಂ ಅನ್ನುವವನು ಒಂದೋ ಗತಿಗೆಟ್ಟವನು, ಇಲ್ಲವೇ ಇಂಗ್ಲೆಂಡಿನವನು. ಬ್ರೀಜ್‌ಳ ಅಮ್ಮ ಇದನ್ನು ಮಕ್ಕಳಿಗೆ ಪ್ರಾರ್ಥನೆಗಿಂತ ಮೊದಲು ಕಲಿಸಿದ್ದಳು.

ನಾಕ್‌ನರೇ ಬೆಟ್ಟ ಹತ್ತುವಾಗ ಜಿನುಗು ಮಳೆ ಶುರುವಾಯಿತು. ನೆತ್ತಿಯ ಕಲ್ಲುಗುಡ್ಡೆಯೊಳಗೆ ಪುರಾಣದ ರಾಣಿ ಮೇವ್ ವೈರಿಗಳ ಕಡೆ ಮುಖಮಾಡಿ ನಿಂತೇ ಹೂಳಿಸಿಕೊಂಡಿದ್ದಾಳಂತೆ. ಅವಳಿಗೇನು, ಬೇಕೆಂದ ಗಂಡಸನ್ನು ಕರೆಸಿಕೊಳ್ಳುತ್ತಿದ್ದಳು. ಏಳು ವರ್ಷ ಕಾದಿದ್ದರೆ ಕಾಲು ನೋವಿಗೆ ಮಲಗಿಯೇ ಹೂಳಿಸಿಕೊಳ್ಳುತ್ತಿದ್ದಳು ಎಂದು ಬ್ರೀಜ್‌ಗೆ ಹೊಟ್ಟೆಕಿಚ್ಚಾಯಿತು.

ಫಿಂಟನ್ ಟೋಪಿ ತೆಗೆದ. ಕೆಳಗಿನ ಸಮುದ್ರ ನೋಡಿದ, ಟೋಪಿ ನೋಡಿದ.

“ಬ್ರೀಜ್, ನಾವು ಮದುವೆ ಆಗೋಣ್ವಾ?”

“ಅಯ್ಯೋ ಬೇಡ ಬಿಡು, ನಿಂಗ್ಯಾಕೆ ಸುಮ್ನೆ ತೊಂದರೆ.”

ಯೋಚಿಸಿ ಹೇಳಿದ್ದಲ್ಲ. ನಲವತ್ತು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಳಿಬಿಟ್ಟಿತು. ಹೇಳಿ ಮುಗಿಸಿ ಅವಳು ಎರಡನೇ ಸಲಕ್ಕೆ ಕಾದಳು. ಫಿಂಟನ್ ಸರಿ ಎಂದ. ಟೋಪಿ ಹಾಕಿಕೊಂಡ. ಡೊನೆಗಾಲ್ ಕಡೆಯಿಂದ ಜೋರು ಮಳೆ ಬರುತ್ತಿದೆ, ಇಳಿಯುವುದು ಒಳ್ಳೆಯದು ಎಂದ.

ಇಳಿಯುವಾಗ ಅವನು ಮುಂದೆ, ಅವಳು ಹಿಂದೆ. ಪ್ರತಿ ತಿರುವಿನಲ್ಲೂ ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದುಕೊಂಡಳು. ಅವನ ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ. ಅವನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು, ಆಮೇಲೆ ಅಳುವೇ ಬಂತು. ಕಾರಿನ ಹತ್ತಿರದ ಗೇಟಿಗೆ ಬರುವಷ್ಟರಲ್ಲಿ ಅವಳಿಂದ ತಡೆಯಲಾಗಲಿಲ್ಲ.

“ಇನ್ನೊಂದ್ಸಲ ಕೇಳೋಕೆ ನಿನ್ ಬಾಯಿಗೇನಾಗಿತ್ತೋ?”

“ನೀನೇ ಬೇಡ ಅಂದ್ಯಲ್ಲ.”

“ಮೊದಲ್ನೇ ಸಲಕ್ಕೇ ಯಾರಾದ್ರೂ ಹೂಂ ಅಂತಾರಾ?”

“ಅದು ಚಹಾಕ್ಕೆ. ಇದಕ್ಕೂ ಹಂಗೇ ಅಂತ ನಂಗೇನು ಗೊತ್ತು?”

“ಸಂತೇಲಿ ಕುಂಟು ಹಸುಗೂ ಮೂರು ಸಲ ಕೂಗ್ತೀಯ. ನಂಗೆ ಒಂದೇ ಸಲಾನಾ?”

ಫಿಂಟನ್ ಆಗ ಮುಖ ತಿರುಗಿಸಿದ. ಅವನ ಕಣ್ಣೂ ಕೆಂಪಾಗಿತ್ತು. ಬೆಟ್ಟವಿಡೀ ಮುಂದೆ ಮುಂದೆ ನಡೆದದ್ದು ಅದಕ್ಕೇ ಎಂದು ಅವಳಿಗೆ ಈಗ ಅರ್ಥವಾಯಿತು.

“ಹಸು ಬೇಡ ಅಂದ್ರೆ ನಂಗೇನೂ ಆಗಲ್ಲ ಕಣೆ. ಏಳು ವರ್ಷ ಧೈರ್ಯ ಕೂಡಿಸಿದ್ದು ಒಂದು ಸಲಕ್ಕೆ ಆಗೋಷ್ಟೇ.”

ಮಳೆ ಜೋರಾಯಿತು. ಅವನು ಗೇಟು ಹಿಡಿದುಕೊಂಡು ಗಂಟಲು ಸರಿಮಾಡಿಕೊಂಡ. ಇಡೀ ಸಂತೆಗೇ ಕೇಳಿಸುವ ಆ ದನಿ ಈಗ ಅವಳಿಗೂ ಸರಿಯಾಗಿ ಕೇಳಿಸಲಿಲ್ಲ. ಆದರೆ ಅವನು ಎರಡನೇ ಸಲ ಕೇಳಿದ.

ಪದ್ಧತಿಯ ಪ್ರಕಾರ ಇನ್ನೊಂದು ‘ಬೇಡ’ ಬಾಕಿಯಿತ್ತು. ಅದು ನಾಲಿಗೆಯ ತುದಿಗೂ ಬಂತು. ಅವನಲ್ಲಿ ಮೂರನೇ ಸಲಕ್ಕಾಗುವಷ್ಟು ಏನೂ ಉಳಿದಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬ್ರೀಜ್ ಅಮ್ಮ ಕಲಿಸಿದ ಮರ್ಯಾದೆಯನ್ನೆಲ್ಲ ಬಿಟ್ಟು, ಗತಿಗೆಟ್ಟವಳ ಹಾಗೆ, ಹೂಂ ಅಂದಳು.